ಬಿಟುಮೆನ್‌ಗೆ ಕರಗುವ ಬಿಂದು ಇಲ್ಲ: ಎರಡು ಡಿಗ್ರಿ ತಪ್ಪಿನಿಂದ ಕಲಿತ ಪಾಠ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋದು ಮನೆಯಲ್ಲಿ, ಬರೆಯೋದು ಪರೀಕ್ಷೆಯಲ್ಲಿ. ಕನ್ನಡ ಸಂಘದವರು "ನಿಮ್ಮ ಬ್ರಾಂಚಿನ ವಿಷಯ ಒಂದನ್ನ ಕನ್ನಡದಲ್ಲಿ ಬರಿ" ಅಂದಾಗ ಒಂದು ವಾರ ತಪ್ಪಿಸಿಕೊಂಡು ಓಡಾಡಿದೆ. ಆಮೇಲೆ ಅನ್ನಿಸಿತು, ಈ ಸೆಮಿಸ್ಟರ್ ನಾನು ನಿಜವಾಗಿ ಕಲಿತದ್ದು ಒಂದೇ ವಿಷಯ, ಅದನ್ನೇ ಬರೆಯೋಣ ಅಂತ. ವಾಕ್ಯ ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಸಿವಿಲ್ ಎರಡನೇ ವರ್ಷ. ಫೈನಲ್ ಇಯರ್ ಅಕ್ಕ ಒಬ್ಬರ ಪ್ರಾಜೆಕ್ಟ್‌ಗೆ ಸಹಾಯ ಮಾಡಲು ಹೈವೇ ಲ್ಯಾಬ್‌ಗೆ ಹೋಗುತ್ತಿದ್ದೆ. ಅವರ ಪ್ರಾಜೆಕ್ಟ್ ಇಷ್ಟೇ: ರಸ್ತೆಗೆ ಹಾಕುವ ಬಿಟುಮೆನ್‌ಗೆ ಹಳೇ ಟಯರ್ ಪುಡಿ ಬೆರೆಸಿದರೆ ಅದು ಬಿಸಿಲಿಗೆ ಎಷ್ಟು ತಡೆದುಕೊಳ್ಳುತ್ತದೆ ಅಂತ ನೋಡುವುದು. ಕೇಳಲಿಕ್ಕೆ ಸುಲಭ. ಆದರೆ ಈ ಲ್ಯಾಬ್‌ನಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಅವರ ರಿಸಲ್ಟ್ ಸುಮಾರು ಎರಡು ಪಟ್ಟು ಉಬ್ಬಿ ನಿಂತಿತ್ತು. ಆ ತಪ್ಪು ಅರ್ಥವಾಗಬೇಕಾದರೆ ಬಿಟುಮೆನ್ ಬಿಸಿಗೆ ಹೇಗೆ ವರ್ತಿಸುತ್ತದೆ ಅಂತ ಮೊದಲು ಗೊತ್ತಿರಬೇಕು.

ಹೆಸರಿನ ಗೊಂದಲ

ಮನೆಯಲ್ಲಿ ನಾವು ಡಾಂಬರು ಅಂತೀವಿ, ರಸ್ತೆ ಕೆಲಸದವರು ಟಾರ್ ಅಂತಾರೆ, ಪುಸ್ತಕದಲ್ಲಿ ಬಿಟುಮೆನ್ ಅಂತಿರುತ್ತೆ. ಟಾರ್ ಮತ್ತು ಬಿಟುಮೆನ್ ಬೇರೆ ಬೇರೆ. ಕಲ್ಲಿದ್ದಲನ್ನು ಗಾಳಿ ತಾಗದ ಹಾಗೆ ಕಾಯಿಸಿದಾಗ ಬರುವುದು ಟಾರ್. ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲ ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು, ದಪ್ಪ ಪದಾರ್ಥ ಬಿಟುಮೆನ್. ಈಗ ನಮ್ಮ ರಸ್ತೆಗಳಿಗೆ ಬಳಸುವುದು ಬಿಟುಮೆನ್. ಅಮೆರಿಕದ ಪುಸ್ತಕಗಳಲ್ಲಿ ಇದನ್ನೇ ಅಸ್ಫಾಲ್ಟ್ ಬೈಂಡರ್ ಅಂತ ಕರೀತಾರೆ. ನಮ್ಮಲ್ಲಿ ಅಸ್ಫಾಲ್ಟ್ ಅಂದರೆ ಸಾಮಾನ್ಯವಾಗಿ ಜಲ್ಲಿ, ಪುಡಿ ಎಲ್ಲ ಸೇರಿದ ಮಿಶ್ರಣ.

ಬೈಂಡರ್ ಅನ್ನೋ ಪದ ಚೆನ್ನಾಗಿದೆ. ಜಲ್ಲಿಯನ್ನು ಹಿಡಿದಿಟ್ಟುಕೊಳ್ಳುವ ಅಂಟು ಅಂತ ಅರ್ಥ. ರಸ್ತೆಯ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಈ ಅಂಟು ಸುಮಾರು 5 ಪರ್ಸೆಂಟ್ ಮಾತ್ರ. ಉಳಿದದ್ದೆಲ್ಲ ಕಲ್ಲು. ಕಲ್ಲಿಗೆ ಬಿಸಿಲು ಏನೂ ಮಾಡಲ್ಲ. ಬೇಸಿಗೆಯಲ್ಲಿ ರಸ್ತೆ ಮೆತ್ತಗಾದರೆ ಅದು ಈ 5 ಪರ್ಸೆಂಟಿನ ಕೆಲಸ.

ಕರಗುವುದಿಲ್ಲ, ಮೆತ್ತಗಾಗುತ್ತದೆ

"ಬಿಟುಮೆನ್ ಎಷ್ಟು ಡಿಗ್ರಿಗೆ ಕರಗುತ್ತೆ?" ಅಂತ ನಾನು ಮೊದಲ ದಿನ ಕೇಳಿದ್ದೆ. ಅಕ್ಕ ನಕ್ಕು, "ಆ ಪ್ರಶ್ನೆಗೆ ಉತ್ತರ ಇಲ್ಲ ಕಣೋ" ಅಂದರು.

ಐಸ್ 0 ಡಿಗ್ರಿಯಲ್ಲಿ ಕರಗುತ್ತೆ. ಅಲ್ಲಿವರೆಗೂ ಗಟ್ಟಿ, ಅಲ್ಲಿಂದ ನೀರು. ಯಾಕಂದ್ರೆ ಅದರಲ್ಲಿ ಇರೋದು ಒಂದೇ ತರದ ಅಣು. ಬಿಟುಮೆನ್‌ನಲ್ಲಿ ಲೆಕ್ಕವಿಲ್ಲದಷ್ಟು ತರದ ಅಣುಗಳಿವೆ. ಕಲಿಯುವ ಅನುಕೂಲಕ್ಕೆ ಅವನ್ನು ನಾಲ್ಕು ಗುಂಪು ಮಾಡಿದ್ದಾರೆ: ಸ್ಯಾಚುರೇಟ್, ಆರೋಮ್ಯಾಟಿಕ್, ರೆಸಿನ್, ಅಸ್ಫಾಲ್ಟೀನ್. ಮೊದಲ ಎರಡು ಎಣ್ಣೆಯ ಹಾಗೆ ಹರಿಯುವ ಗುಣದವು. ಅಸ್ಫಾಲ್ಟೀನ್ ದೊಡ್ಡ, ಭಾರದ ಅಣುಗಳು, ಗಟ್ಟಿತನ ಕೊಡುವುದು ಅವೇ. ರೆಸಿನ್ ಇವೆರಡರ ಮಧ್ಯೆ ಇದ್ದು ಜಗಳವಾಗದ ಹಾಗೆ ನೋಡಿಕೊಳ್ಳುತ್ತದೆ. ಬಿಸಿ ಏರಿದಂತೆ ಇವೆಲ್ಲ ಒಟ್ಟಿಗೆ ಒಂದೇ ಕ್ಷಣದಲ್ಲಿ ಬಿಟ್ಟುಕೊಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಹೋಗುತ್ತವೆ.

ಸಾಗರದ ಹತ್ತಿರ ನನ್ನ ಅಜ್ಜಿ ಮನೆ. ಅಲ್ಲಿ ಡಬ್ಬದಲ್ಲಿ ಜೋನಿಬೆಲ್ಲ ಇರುತ್ತೆ. ಚಳಿಗಾಲದ ಬೆಳಿಗ್ಗೆ ಚಮಚ ಹಾಕಿದರೆ ಹಿಡಿದುಕೊಂಡು ಬಿಡಲ್ಲ. ಏಪ್ರಿಲ್ ಮಧ್ಯಾಹ್ನ ದೋಸೆ ಮೇಲೆ ತಾನಾಗೇ ಹರಿಯುತ್ತೆ. ಇದರ ಮಧ್ಯೆ "ಈ ಡಿಗ್ರಿಗೆ ಕರಗಿತು" ಅಂತ ಬೆರಳಿಟ್ಟು ತೋರಿಸೋಕಾಗಲ್ಲ. ಬಿಟುಮೆನ್ ಹೆಚ್ಚುಕಮ್ಮಿ ಹಾಗೆ. ಆದರೆ ಅದರ ಬದಲಾವಣೆ ಜೋನಿಬೆಲ್ಲಕ್ಕಿಂತ ತುಂಬಾ ದೊಡ್ಡದು.

ಎಷ್ಟು ದೊಡ್ಡದು ಅಂತ ನಮ್ಮ ಐಎಸ್ 73 ಸ್ಟ್ಯಾಂಡರ್ಡ್ ನೋಡಿದರೆ ಗೊತ್ತಾಗುತ್ತೆ. ಅದರಲ್ಲಿ ರಸ್ತೆಯ ಬಿಟುಮೆನ್‌ಗೆ ನಾಲ್ಕು ದರ್ಜೆ: ವಿಜಿ-10, ವಿಜಿ-20, ವಿಜಿ-30, ವಿಜಿ-40. ವಿಜಿ ಅಂದರೆ ವಿಸ್ಕಾಸಿಟಿ ಗ್ರೇಡ್. ವಿಸ್ಕಾಸಿಟಿ ಅಂದರೆ ಹರಿಯಲು ಒಡ್ಡುವ ಅಡ್ಡಿ. ನಮ್ಮ ಲ್ಯಾಬ್‌ನಲ್ಲಿದ್ದದ್ದು ವಿಜಿ-30. 60 ಡಿಗ್ರಿಯಲ್ಲಿ ಅದರ ವಿಸ್ಕಾಸಿಟಿ 2400ರಿಂದ 3600 ಪಾಯ್ಸ್ ಇರಬೇಕು. ನೀರಿನ ವಿಸ್ಕಾಸಿಟಿ ನೂರನೇ ಒಂದು ಪಾಯ್ಸ್. ಅಂದರೆ 60 ಡಿಗ್ರಿ ಬಿಸಿಯಲ್ಲೂ ಈ ಬಿಟುಮೆನ್ ನೀರಿಗಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ದಪ್ಪ. ಇದೇ ಬಿಟುಮೆನ್‌ಗೆ 135 ಡಿಗ್ರಿಯಲ್ಲಿ ಕೇಳುವುದು ಕನಿಷ್ಠ 350 ಸೆಂಟಿಸ್ಟೋಕ್, ಅಂದರೆ ಸುಮಾರು ಮೂರೂವರೆ ಪಾಯ್ಸ್. ಎರಡು ಕಡೆಯ ಕನಿಷ್ಠ ಅಂಕಿ ಹೋಲಿಸಿದರೆ 75 ಡಿಗ್ರಿ ಏರಿಕೆಯಲ್ಲಿ ಹತ್ತಿರ ಹತ್ತಿರ 700 ಪಟ್ಟು ತೆಳುವಾಗುತ್ತದೆ.

ಆದ್ದರಿಂದ "ಈ ಬಿಟುಮೆನ್ ಎಷ್ಟು ಗಟ್ಟಿ?" ಅನ್ನುವ ಪ್ರಶ್ನೆ ಅರ್ಧ ಪ್ರಶ್ನೆ. "ಎಷ್ಟು ಡಿಗ್ರಿಯಲ್ಲಿ?" ಅಂತ ಸೇರಿಸಿದರೆ ಮಾತ್ರ ಅದು ಪೂರ್ತಿ ಆಗುತ್ತೆ. ಇದು ಗೊತ್ತಿದ್ದೂ ನಾನು ತಪ್ಪು ಮಾಡಿದೆ, ಅದು ಬೇರೆ ಮಾತು.

ಸೂಜಿ ಪರೀಕ್ಷೆ

ಇದರ ಹೆಸರು ಪೆನೆಟ್ರೇಷನ್ ಟೆಸ್ಟ್. ಐಎಸ್ 1203ರಲ್ಲಿ ಕ್ರಮ ಕೊಟ್ಟಿದ್ದಾರೆ. ಒಂದು ಸಣ್ಣ ಲೋಹದ ಬಟ್ಟಲಿನಲ್ಲಿ ಬಿಟುಮೆನ್ ಹಾಕಿ, 25 ಡಿಗ್ರಿಗೆ ತಂದು, ಅದರ ಮೇಲೆ ಒಂದು ಸೂಜಿ ಬಿಡಬೇಕು. ಸೂಜಿ ಮತ್ತು ಅದರ ಹಿಡಿಕೆ ಸೇರಿ 100 ಗ್ರಾಂ ತೂಕ. ಸರಿಯಾಗಿ 5 ಸೆಕೆಂಡ್. ಅಷ್ಟರಲ್ಲಿ ಸೂಜಿ ಎಷ್ಟು ಆಳಕ್ಕೆ ಇಳಿಯಿತು ಅಂತ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಓದಬೇಕು. 6 ಮಿಲಿಮೀಟರ್ ಇಳಿದರೆ ಪೆನೆಟ್ರೇಷನ್ 60. ಅಂಕಿ ಜಾಸ್ತಿ ಅಂದರೆ ಬಿಟುಮೆನ್ ಮೆತ್ತಗಿದೆ, ಕಡಿಮೆ ಅಂದರೆ ಗಟ್ಟಿಯಾಗಿದೆ ಅಂತ.

ಒಂದೇ ಬಟ್ಟಲಿನಲ್ಲಿ ಕನಿಷ್ಠ ಮೂರು ಸಲ ಚುಚ್ಚಬೇಕು. ಒಂದು ಚುಚ್ಚಿದ ಜಾಗಕ್ಕೂ ಇನ್ನೊಂದಕ್ಕೂ, ಅಂಚಿಗೂ 10 ಮಿಲಿಮೀಟರ್ ಅಂತರ ಇರಬೇಕು. ಸೂಜಿಯನ್ನ ಪ್ರತಿ ಸಲ ಒರೆಸಬೇಕು.

ಇದೆಲ್ಲ ಐದು ನಿಮಿಷದ ಕೆಲಸ. ಕಾಯುವುದೇ ದೊಡ್ಡ ಕೆಲಸ. ಬಿಸಿ ಬಿಟುಮೆನ್ ಸುರಿದ ಮೇಲೆ 35 ಮಿಲಿಮೀಟರ್ ಆಳದ ಬಟ್ಟಲಾದರೆ ಒಂದರಿಂದ ಒಂದೂವರೆ ಗಂಟೆ ಗಾಳಿಯಲ್ಲಿ ಆರಬೇಕು. ಆ ಗಾಳಿಯೂ 15ರಿಂದ 30 ಡಿಗ್ರಿ ಒಳಗಿರಬೇಕು. ಆಮೇಲೆ 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಮತ್ತೆ ಅಷ್ಟೇ ಹೊತ್ತು. ನೀರಿನ ಉಷ್ಣಾಂಶದಲ್ಲಿ 0.1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಆಗಬಾರದು.

ನಾನು ಮಾಡಿದ್ದು

ಏಪ್ರಿಲ್ ತಿಂಗಳು. ಲ್ಯಾಬ್‌ನಲ್ಲಿ ಫ್ಯಾನ್ ಇದೆ, ಎಸಿ ಇಲ್ಲ. ಗೋಡೆಯ ಥರ್ಮಾಮೀಟರ್ 34 ತೋರಿಸ್ತಿತ್ತು. ಅಕ್ಕ ಪ್ಲೇಸ್‌ಮೆಂಟ್ ಟ್ರೈನಿಂಗ್‌ಗೆ ಹೋಗಿದ್ದರು. ಟಯರ್ ಪುಡಿ ಬೆರೆಸಿದ ಸ್ಯಾಂಪಲ್‌ನ್ನು ಅವರು ಹಿಂದಿನ ವಾರವೇ ಟೆಸ್ಟ್ ಮಾಡಿ 48 ಅಂತ ತಗೊಂಡಿದ್ದರು. ಸಾದಾ ಬಿಟುಮೆನ್‌ದು ನನ್ನ ಪಾಲಿಗೆ ಬಿಟ್ಟಿದ್ದರು.

ಬಟ್ಟಲನ್ನ ಗಾಳಿಯಲ್ಲಿ ಆರಿಸಿದೆ. ನೀರಿನ ತೊಟ್ಟಿಗೆ ಇಳಿಸುವಾಗ ನಾಲ್ಕೂ ಇಪ್ಪತ್ತು. ಐದು ಗಂಟೆಗೆ ಲ್ಯಾಬ್ ಬಾಗಿಲು ಹಾಕ್ತಾರೆ. ತೊಟ್ಟಿಯ ಥರ್ಮಾಮೀಟರ್ 25 ಅಂತ ಸರಿಯಾಗಿ ತೋರಿಸ್ತಿತ್ತು. 25 ನಿಮಿಷ ಕಾದು ತೆಗೆದು ಸೂಜಿ ಬಿಟ್ಟೆ. ಬಂದ ರೀಡಿಂಗ್: 74, 75, 76. ಸರಾಸರಿ 75.

ಮೂರೂ ಎಷ್ಟು ಹತ್ತಿರ ಇವೆ ನೋಡಿ. ನನಗೆ ತುಂಬಾ ಖುಷಿಯಾಯ್ತು. ಎಷ್ಟು ನೀಟಾಗಿ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಐಎಸ್ 73ರ ಪ್ರಕಾರ ವಿಜಿ-30ರ ಪೆನೆಟ್ರೇಷನ್ ಕನಿಷ್ಠ 45 ಇರಬೇಕು. 75 ಕೂಡ ಪಾಸ್. ಹಾಗಾಗಿ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ನೋಟ್‌ಬುಕ್‌ನಲ್ಲಿ "ನೀರಿನಲ್ಲಿ ಇಟ್ಟ ಸಮಯ" ಅಂತ ಒಂದು ಕಾಲಮ್ ಇತ್ತು. ಅಲ್ಲಿ 90 ನಿಮಿಷ ಅಂತ ಬರೆದೆ. ಮೋಸ ಮಾಡ್ತಿದೀನಿ ಅಂತ ಆಗ ಅನ್ನಿಸಲೇ ಇಲ್ಲ. ಆ ಕಾಲಮ್ ಇರೋದೇ 90 ಅಂತ ತುಂಬಿಸೋಕೆ ಅನ್ನೋ ಹಾಗೆ ಬರೆದೆ. ಹಿಂದಿನ ಪುಟಗಳಲ್ಲೆಲ್ಲ ಹಾಗೇ ಇತ್ತು.

ಅಕ್ಕ ಗ್ರಾಫ್ ಹಾಕಿದರು. ಸಾದಾ 75, ಟಯರ್ ಪುಡಿ ಬೆರೆಸಿದ್ದು 48. ಅಂದರೆ ಪೆನೆಟ್ರೇಷನ್ 36 ಪರ್ಸೆಂಟ್ ಇಳಿದಿದೆ! "ಇಷ್ಟೊಂದು ನಾನೂ ಅನ್ಕೊಂಡಿರಲಿಲ್ಲ" ಅಂತ ರಿವ್ಯೂ ಸ್ಲೈಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡರು. ರಿವ್ಯೂಗೆ ಇನ್ನು ನಾಲ್ಕು ದಿನ.

ಆ ಸ್ಲೈಡ್ ನೋಡಿದ್ದು ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್. ಅದೇ ಡ್ರಮ್ಮಿನ ಬಿಟುಮೆನ್ ಅವರು ಹೋದ ತಿಂಗಳು ಟೆಸ್ಟ್ ಮಾಡಿದ್ದರಂತೆ, 61 ಬಂದಿತ್ತಂತೆ. ನನ್ನನ್ನು ಕರೆದರು.

"ನೀರಲ್ಲಿ ಎಷ್ಟೊತ್ತು ಇಟ್ಟಿದ್ದೆ ಮರಿ?"

ನೋಟ್‌ಬುಕ್ ಮುಂದೆನೇ ಇತ್ತು, 90 ಅಂತ. ಒಂದು ಕ್ಷಣ ಅದನ್ನೇ ಹೇಳೋಣ ಅನ್ನಿಸ್ತು. ಅಕ್ಕನ ಮುಖ ನೋಡಿದೆ. "ಇಪ್ಪತ್ತೈದು ನಿಮಿಷ ಸರ್. ಆದ್ರೆ ಥರ್ಮಾಮೀಟರ್ ಇಪ್ಪತ್ತೈದೇ ತೋರಿಸ್ತಿತ್ತು."

"ಅದು ನೀರಿನ ಟೆಂಪರೇಚರ್ ಕಣಪ್ಪ. ಬಿಟುಮೆನ್‌ದು ಎಷ್ಟಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಡಿಗ್ರಿಯ ಬೆಲೆ

ಸರ್ ಬೈಯಲಿಲ್ಲ. "ಹೋಗಿ ಲೆಕ್ಕ ಮಾಡ್ಕೊಂಡು ಬಾ, ಎಷ್ಟು ಡಿಗ್ರಿ ತಪ್ಪಿದ್ರೆ 60 ಇರೋದು 75 ಆಗುತ್ತೆ ಅಂತ" ಅಂದರು. ಆ ಲೆಕ್ಕ ಇಲ್ಲಿ ಕೊಡ್ತೀನಿ. ಸೆಕೆಂಡ್ ಪಿಯುಸಿ ಗಣಿತ ಸಾಕು.

ಪೆನೆಟ್ರೇಷನ್‌ನ ಲಾಗ್ ತೆಗೆದು ಉಷ್ಣಾಂಶದ ಎದುರು ಗ್ರಾಫ್ ಹಾಕಿದರೆ ಹೆಚ್ಚುಕಮ್ಮಿ ನೇರ ಗೆರೆ ಬರುತ್ತೆ. 1936ರಲ್ಲಿ ಫೈಫರ್ ಮತ್ತು ವಾನ್ ಡೋರ್ಮಾಲ್ ಇದನ್ನು ಬಳಸಿ ಒಂದು ಸೂಚ್ಯಂಕ ಮಾಡಿದರು. ಅವರು ತೆಗೆದುಕೊಂಡ ಇನ್ನೊಂದು ಅಂದಾಜು ಏನಂದರೆ, ಸಾಫ್ಟನಿಂಗ್ ಪಾಯಿಂಟ್‌ನಲ್ಲಿ ಬಿಟುಮೆನ್‌ನ ಪೆನೆಟ್ರೇಷನ್ ಸುಮಾರು 800 ಇರುತ್ತದೆ ಅಂತ. ಸಾಫ್ಟನಿಂಗ್ ಪಾಯಿಂಟ್ ಬಗ್ಗೆ ಆಮೇಲೆ ಹೇಳ್ತೀನಿ. ನಮ್ಮ ಬಿಟುಮೆನ್‌ಗೆ ಅದು 49 ಡಿಗ್ರಿ ಬಂದಿತ್ತು. ಹಾಗಾಗಿ ಗೆರೆಯ ಮೇಲೆ ಎರಡು ಚುಕ್ಕಿ ಸಿಕ್ಕವು: 25 ಡಿಗ್ರಿಯಲ್ಲಿ 60, 49 ಡಿಗ್ರಿಯಲ್ಲಿ 800.

ಗೆರೆಯ ಇಳಿಜಾರು = (ಲಾಗ್ 800 − ಲಾಗ್ 60) ÷ (49 − 25) = (2.903 − 1.778) ÷ 24 = 0.0469

ಅಂದರೆ ಒಂದು ಡಿಗ್ರಿ ಏರಿದರೆ ಪೆನೆಟ್ರೇಷನ್‌ನ ಲಾಗ್ 0.0469 ಏರುತ್ತದೆ. ಆಂಟಿಲಾಗ್ ತೆಗೆದರೆ 1.114. ಒಂದೇ ಒಂದು ಡಿಗ್ರಿಗೆ 11 ಪರ್ಸೆಂಟ್! 26 ಡಿಗ್ರಿಯಲ್ಲಿ 60 ಹೋಗಿ 67 ಆಗುತ್ತೆ. 27 ಡಿಗ್ರಿಯಲ್ಲಿ ಸುಮಾರು 74.5.

ನನಗೆ ಬಂದಿದ್ದು 75. ಅಂದರೆ ನನ್ನ ಬಟ್ಟಲಿನ ಬಿಟುಮೆನ್ 27 ಡಿಗ್ರಿಯಲ್ಲಿತ್ತು. ನೀರು 25ರಲ್ಲಿತ್ತು. ಥರ್ಮಾಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಅದನ್ನ ಬೇರೆ ಪ್ರಶ್ನೆ ಕೇಳಿದ್ದೆ.

ಮೂರೂ ರೀಡಿಂಗ್ ಒಂದೇ ತರ ಬಂದಿದ್ದು ಯಾಕೆ? ಮೂರೂ ಸಲ ತಪ್ಪು ಒಂದೇ ಇತ್ತು, ಅದಕ್ಕೆ. ರೀಡಿಂಗ್‌ಗಳು ಒಂದಕ್ಕೊಂದು ಹೊಂದಿಕೆಯಾಗುವುದು ಬೇರೆ, ಸರಿ ಇರುವುದು ಬೇರೆ. ಫಸ್ಟ್ ಇಯರ್‌ನಲ್ಲಿ ಪ್ರಿಸಿಷನ್, ಆಕ್ಯುರಸಿ ಅಂತ ಎರಡು ಮಾರ್ಕ್ಸ್‌ಗೆ ಬರೆದಿದ್ದೆ. ಅರ್ಥ ಆಗಿದ್ದು ಈಗ.

ಒಂದು ಗಂಟೆ ಯಾಕೆ?

ಸ್ಟ್ಯಾಂಡರ್ಡ್‌ನಲ್ಲಿ ಹೇಳಿರುವ ಒಂದರಿಂದ ಒಂದೂವರೆ ಗಂಟೆ ಎಲ್ಲಿಂದ ಬಂತು? ಬಿಟುಮೆನ್ ಶಾಖವನ್ನು ತುಂಬಾ ನಿಧಾನವಾಗಿ ಸಾಗಿಸುತ್ತದೆ. ಅದರ ಉಷ್ಣವಾಹಕತೆ ಪ್ರತಿ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು 0.17 ವ್ಯಾಟ್, ನೀರಿನದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಷ್ಣವಾಹಕತೆಯನ್ನ ಸಾಂದ್ರತೆ ಮತ್ತು ವಿಶಿಷ್ಟೋಷ್ಣದ ಗುಣಲಬ್ಧದಿಂದ ಭಾಗಿಸಿದರೆ ಥರ್ಮಲ್ ಡಿಫ್ಯೂಸಿವಿಟಿ ಸಿಗುತ್ತೆ. ಬಿಟುಮೆನ್‌ಗೆ ಅದು ಸೆಕೆಂಡಿಗೆ ಸುಮಾರು 0.09 ಚದರ ಮಿಲಿಮೀಟರ್.

ಶಾಖ ಒಂದು ದೂರ ದಾಟಲು ಬೇಕಾಗುವ ಹೊತ್ತನ್ನು ಅಂದಾಜು ಮಾಡಲು ಆ ದೂರದ ವರ್ಗವನ್ನು ಡಿಫ್ಯೂಸಿವಿಟಿಯಿಂದ ಭಾಗಿಸಿದರೆ ಸಾಕು. 35 ಮಿಲಿಮೀಟರ್ ಆಳದ ಬಟ್ಟಲಿನಲ್ಲಿ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ನಡುವಿಗೆ 17.5 ಮಿಲಿಮೀಟರ್. ವರ್ಗ 306. ಅದನ್ನು 0.09ರಿಂದ ಭಾಗಿಸಿದರೆ ಸುಮಾರು 3400 ಸೆಕೆಂಡ್. 57 ನಿಮಿಷ!

ಈ ಉತ್ತರ ಬಂದಾಗ ನಿಜವಾಗ್ಲೂ ಮೈ ಜುಂ ಅಂತು. ಸ್ಟ್ಯಾಂಡರ್ಡ್ ಬರೆದವರು ಸುಮ್ಮನೆ ನಮ್ಮನ್ನ ಕಾಯಿಸೋಕೆ ಒಂದು ಗಂಟೆ ಅಂತ ಬರೆದಿಲ್ಲ. ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು ಬೇಕು ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ದೊಡ್ಡ ಬಟ್ಟಲಿಗೆ ಹೆಚ್ಚು ಹೊತ್ತು ಯಾಕೆ ಹೇಳಿದ್ದಾರೆ ಅಂತಲೂ.

ಉಂಗುರ ಮತ್ತು ಗುಂಡು

ಈಗ ಸಾಫ್ಟನಿಂಗ್ ಪಾಯಿಂಟ್. ಕರಗುವ ಬಿಂದು ಇಲ್ಲದ ಪದಾರ್ಥಕ್ಕೆ ಎಲ್ಲರೂ ಒಪ್ಪಿಕೊಂಡ ಒಂದು ಗಡಿ ಬೇಕಲ್ವಾ, ಅದು ಇದು. ಐಎಸ್ 1205ರ ಪರೀಕ್ಷೆ. ಎರಡು ಹಿತ್ತಾಳೆ ಉಂಗುರಗಳಲ್ಲಿ ಬಿಟುಮೆನ್ ತುಂಬಿಸಿ, ಪ್ರತಿಯೊಂದರ ಮೇಲೂ 9.5 ಮಿಲಿಮೀಟರ್ ವ್ಯಾಸದ, 3.5 ಗ್ರಾಂ ತೂಕದ ಸ್ಟೀಲ್ ಗುಂಡು ಇಟ್ಟು, ನೀರಿನ ಬೀಕರ್‌ನಲ್ಲಿ ತೂಗುಹಾಕಬೇಕು. ನೀರನ್ನ 5 ಡಿಗ್ರಿಯಿಂದ ಶುರುಮಾಡಿ ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸಬೇಕು. ಬಿಟುಮೆನ್ ಮೆತ್ತಗಾಗಿ, ಗುಂಡಿನ ಭಾರಕ್ಕೆ ಜೋಳಿಗೆಯ ಹಾಗೆ ಜೋತುಬಿದ್ದು, ಸುಮಾರು 25 ಮಿಲಿಮೀಟರ್ ಕೆಳಗಿರುವ ತಟ್ಟೆ ಮುಟ್ಟಿದಾಗಿನ ಉಷ್ಣಾಂಶವೇ ಸಾಫ್ಟನಿಂಗ್ ಪಾಯಿಂಟ್.

ಇಲ್ಲೂ ಆತುರ ಪಟ್ಟರೆ ಕೆಟ್ಟಿತು. ನಿಮಿಷಕ್ಕೆ 5ರ ಬದಲು 8 ಡಿಗ್ರಿ ಏರಿಸಿದರೆ ನೀರು ಮುಂದೆ ಓಡುತ್ತೆ, ಬಿಟುಮೆನ್ ಹಿಂದೆ ಉಳಿಯುತ್ತೆ. ಬರುವ ಉತ್ತರ ನಿಜಕ್ಕಿಂತ ಜಾಸ್ತಿ. ನಾವು ಕ್ಯಾಂಟೀನ್ ಫ್ರಿಜ್‌ನಿಂದ ಐಸ್ ತಂದು ನೀರನ್ನ 5 ಡಿಗ್ರಿಗೆ ಇಳಿಸ್ತಿದ್ವಿ. ಕ್ಯಾಂಟೀನ್ ಅಂಕಲ್ "ಜ್ಯೂಸ್ ಮಾಡ್ತೀರಾ?" ಅಂತ ದಿನಾ ಕೇಳೋರು.

ಟಯರ್ ಪುಡಿಯ ನಿಜವಾದ ಪಾಲು

ಮಾರನೇ ದಿನ ಬೆಳಿಗ್ಗೆಯೇ ಹೋಗಿ ಪರೀಕ್ಷೆ ಮತ್ತೆ ಮಾಡಿದೆ. ಬೆಳಗಿನ ಹೊತ್ತು ಲ್ಯಾಬ್ 27 ಡಿಗ್ರಿ ಇತ್ತು. ಗಾಳಿಯಲ್ಲಿ ಒಂದೂವರೆ ಗಂಟೆ, ನೀರಿನಲ್ಲಿ ಒಂದೂವರೆ ಗಂಟೆ. 59, 60, 61. ಸರಾಸರಿ 60. ಅಕ್ಕನ 36 ಪರ್ಸೆಂಟ್ ಅಲ್ಲಿಗೆ 20 ಪರ್ಸೆಂಟ್ ಆಯ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಗೈಡ್ ಸರ್ ಹತ್ತಿರ ಹೋದಾಗ ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಟಯರ್ ಪುಡಿ ಬೆರೆಸೋಕೆ ಬಿಟುಮೆನ್‌ನ ಒಂದು ಗಂಟೆ 175 ಡಿಗ್ರಿಯಲ್ಲಿ ಕಾಯಿಸಿ ಕಲಕಿದ್ದೀರಿ. ಸಾದಾ ಬಿಟುಮೆನ್‌ನ ಹಾಗೆ ಕಾಯಿಸಿದ್ದೀರಾ?"

ಇಲ್ಲ. ಯಾಕೆ ಕಾಯಿಸಬೇಕು? ಯಾಕಂದ್ರೆ ಬಿಸಿಯಲ್ಲಿ ಗಾಳಿಯ ಆಮ್ಲಜನಕ ಸೇರಿ ಬಿಟುಮೆನ್ ತಾನಾಗೇ ಗಟ್ಟಿಯಾಗುತ್ತದೆ. ಹಗುರ ಎಣ್ಣೆಯ ಅಂಶ ಸ್ವಲ್ಪ ಆವಿಯಾಗುತ್ತದೆ. ಇದಕ್ಕೆ ಏಜಿಂಗ್, ಅಂದರೆ ವಯಸ್ಸಾಗುವುದು ಅಂತ ಹೆಸರು. ಇದನ್ನ ಅಳೆಯೋಕೇ ಒಂದು ಪರೀಕ್ಷೆ ಇದೆ, ರೋಲಿಂಗ್ ಥಿನ್ ಫಿಲ್ಮ್ ಓವನ್ ಟೆಸ್ಟ್. ಗಾಜಿನ ಬಾಟಲಿಗಳಲ್ಲಿ 35 ಗ್ರಾಂನಂತೆ ಬಿಟುಮೆನ್ ಹಾಕಿ, 163 ಡಿಗ್ರಿಯ ಓವನ್ ಒಳಗೆ 85 ನಿಮಿಷ ತಿರುಗಿಸುತ್ತಾ ಬಿಸಿ ಗಾಳಿ ಊದುತ್ತಾರೆ. ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಜಲ್ಲಿ ಜೊತೆ ಕಲಸಿ ರಸ್ತೆಗೆ ಹಾಕುವಷ್ಟರಲ್ಲಿ ಬಿಟುಮೆನ್‌ಗೆ ಎಷ್ಟು ವಯಸ್ಸಾಗುತ್ತದೋ, ಹೆಚ್ಚುಕಮ್ಮಿ ಅಷ್ಟು ವಯಸ್ಸು ಅದಕ್ಕೆ ಲ್ಯಾಬ್‌ನಲ್ಲೇ ಬರಿಸುವ ಉಪಾಯ ಅದು.

ಹಾಗಾದರೆ ಅಕ್ಕನ ಸ್ಯಾಂಪಲ್ ಗಟ್ಟಿಯಾಗಿದ್ದು ಟಯರ್ ಪುಡಿಯಿಂದಲೋ, ಒಂದು ಗಂಟೆ ಕಾಯಿಸಿದ್ದರಿಂದಲೋ? ಬೇರ್ಪಡಿಸಬೇಕಾದರೆ ಪುಡಿ ಹಾಕದೆ, ಅದೇ ಪಾತ್ರೆಯಲ್ಲಿ, ಅದೇ 175 ಡಿಗ್ರಿಯಲ್ಲಿ, ಅಷ್ಟೇ ಹೊತ್ತು ಕಲಕಿದ ಇನ್ನೊಂದು ಸ್ಯಾಂಪಲ್ ಬೇಕು. ಮಾಡಿದೆವು. ಪೆನೆಟ್ರೇಷನ್ 55 ಬಂತು.

ಅಂದರೆ ಟಯರ್ ಪುಡಿಯ ನಿಜವಾದ ಕೆಲಸ 55ರಿಂದ 48. ಬರೀ 13 ಪರ್ಸೆಂಟ್.

36, 20, 13. ನಾವು ಸರಿಯಾಗಿ ಮಾಡಿದ ಹಾಗೆಲ್ಲ ರಿಸಲ್ಟ್ ಚಿಕ್ಕದಾಗ್ತಾ ಹೋಯ್ತು. ಅಕ್ಕ ಆ ಸಂಜೆ ಜಾಸ್ತಿ ಮಾತಾಡಲಿಲ್ಲ. ನಾನು ಸಾರಿ ಕೇಳಿದೆ. ಆಗ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "75 ಬಂದಿದ್ದು ತಪ್ಪಲ್ಲ ಬಿಡು. ಎಲ್ಲರಿಗೂ ಬರುತ್ತೆ. 90 ಅಂತ ಬರೆದೆಯಲ್ಲ, ಅದು ತಪ್ಪು. 25 ನಿಮಿಷ ಅಂತ ಬರೆದಿದ್ರೆ ನಾನೇ ನೋಡಿ ಹಿಡೀತಿದ್ದೆ."

ಆದರೆ ಕಥೆ ಬೇಜಾರಿನಲ್ಲಿ ಮುಗಿಯಲಿಲ್ಲ. ಸಾಫ್ಟನಿಂಗ್ ಪಾಯಿಂಟ್‌ಗಳನ್ನೂ ಸೇರಿಸಿ ಫೈಫರ್, ವಾನ್ ಡೋರ್ಮಾಲ್ ಅವರ ಸೂಚ್ಯಂಕ ಹಾಕಿ ನೋಡಿದೆವು. ಅದರ ಹೆಸರು ಪೆನೆಟ್ರೇಷನ್ ಇಂಡೆಕ್ಸ್:

ಇಂಡೆಕ್ಸ್ = (20 − 500 × ಇಳಿಜಾರು) ÷ (1 + 50 × ಇಳಿಜಾರು)

ಇದರಲ್ಲಿ ಉತ್ತರ ಎಷ್ಟು ಕೆಳಗೆ ಹೋಗುತ್ತದೋ ಬಿಟುಮೆನ್ ಬಿಸಿಗೆ ಅಷ್ಟು ಬೇಗ ಬಗ್ಗುತ್ತದೆ ಅಂತ ಅರ್ಥ.

ಸಾದಾ ಕಾಯಿಸಿದ್ದು: ಪೆನೆಟ್ರೇಷನ್ 55, ಸಾಫ್ಟನಿಂಗ್ ಪಾಯಿಂಟ್ 50, ಇಳಿಜಾರು 0.0465, ಇಂಡೆಕ್ಸ್ ಮೈನಸ್ 0.98.

ಟಯರ್ ಪುಡಿ ಬೆರೆಸಿದ್ದು: ಪೆನೆಟ್ರೇಷನ್ 48, ಸಾಫ್ಟನಿಂಗ್ ಪಾಯಿಂಟ್ 55, ಇಳಿಜಾರು 0.0407, ಇಂಡೆಕ್ಸ್ ಮೈನಸ್ 0.12.

ಪುಡಿ ಬೆರೆಸಿದ್ದರಿಂದ 25 ಡಿಗ್ರಿಯಲ್ಲಿ ಬಿಟುಮೆನ್ ಭಾರೀ ಗಟ್ಟಿಯೇನೂ ಆಗಿಲ್ಲ. ಬಿಸಿ ಏರಿದಾಗ ಅದು ಮೆತ್ತಗಾಗುವ ವೇಗ ಕಡಿಮೆಯಾಗಿದೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ! ತಪ್ಪು 36 ಪರ್ಸೆಂಟ್ ಇಟ್ಟುಕೊಂಡಿದ್ದರೆ ಈ ಮಾತು ನಮಗೆ ಕಾಣಿಸ್ತಲೇ ಇರಲಿಲ್ಲ. ಗೈಡ್ ಸರ್ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಸಾಫ್ಟನಿಂಗ್ ಪಾಯಿಂಟ್‌ನಲ್ಲಿ 800 ಅನ್ನುವ ಅಂದಾಜು ಸಾದಾ ಬಿಟುಮೆನ್‌ಗೆ ಹೊಂದುವಷ್ಟು ರಬ್ಬರ್ ಬೆರೆಸಿದ್ದಕ್ಕೆ ಹೊಂದುವುದಿಲ್ಲ. ಅದಕ್ಕೆ ಇನ್ನೆರಡು ಉಷ್ಣಾಂಶದಲ್ಲಿ ಪೆನೆಟ್ರೇಷನ್ ತೆಗೆದು ಇಳಿಜಾರನ್ನ ನೇರವಾಗಿ ನೋಡಿ ಅಂದರು. ಅದು ಈಗ ನಡೀತಿದೆ. ರಿವ್ಯೂ ಸ್ಲೈಡ್‌ನಲ್ಲಿ ಅಕ್ಕ 13 ಪರ್ಸೆಂಟ್ ಅಂತಲೇ ಹಾಕಿದರು, ಯಾಕೆ 36 ಅಲ್ಲ ಅಂತಲೂ ಒಂದು ಸ್ಲೈಡ್ ಹಾಕಿದರು.

ರಸ್ತೆಗೂ ಇದಕ್ಕೂ ಏನು ಸಂಬಂಧ?

ರಸ್ತೆಯ ಮೇಲ್ಮೈ ಕಪ್ಪಗಿರುವುದರಿಂದ ಬಿಸಿಲಿನಲ್ಲಿ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಐಎಸ್ 73 ವಿಸ್ಕಾಸಿಟಿಯನ್ನ 60 ಡಿಗ್ರಿಯಲ್ಲಿ ಕೇಳುವುದು ಬೇಸಿಗೆಯ ರಸ್ತೆ ಆ ಬಿಸಿಗೆ ಹತ್ತಿರ ಹೋಗುವುದರಿಂದ. 135 ಡಿಗ್ರಿ ಮಿಶ್ರಣ ಕಲಸಿ ಹಾಸುವಾಗಿನ ಬಿಸಿಗೆ ಹತ್ತಿರ. 25 ಡಿಗ್ರಿ ಸಾಧಾರಣ ದಿನಗಳದ್ದು. ಅಂದರೆ ಒಂದೇ ಬಿಟುಮೆನ್ ಮೂರು ಪರೀಕ್ಷೆ ಪಾಸ್ ಮಾಡಬೇಕು: ಕಲಸುವಾಗ ಎಣ್ಣೆಯ ಹಾಗೆ ತೆಳುವಾಗಿರಬೇಕು, ಬೇಸಿಗೆ ಮಧ್ಯಾಹ್ನ ಲಾರಿಯ ಕೆಳಗೆ ಹರಿಯಬಾರದು, ತಂಪಿನಲ್ಲಿ ಬಿರುಕು ಬಿಡಬಾರದು.

ಯಾವ ಊರಿಗೆ ಯಾವ ದರ್ಜೆ ಅಂತ ಆರಿಸಲು 2013ರ ಐಎಸ್ 73ರಲ್ಲಿ ಏಳು ದಿನಗಳ ಗರಿಷ್ಠ ಗಾಳಿಯ ಉಷ್ಣಾಂಶದ ಸರಾಸರಿ ಕೊಟ್ಟಿದ್ದಾರೆ. 30 ಡಿಗ್ರಿಗಿಂತ ಕಡಿಮೆ ಇದ್ದರೆ ವಿಜಿ-10, 30ರಿಂದ 38ರವರೆಗೆ ವಿಜಿ-20, 38ರಿಂದ 45ರವರೆಗೆ ವಿಜಿ-30, ಅದಕ್ಕೂ ಮೇಲೆ ವಿಜಿ-40. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರಿನ ರಸ್ತೆಗೂ ತಂಪಾದ ಮಡಿಕೇರಿಯ ರಸ್ತೆಗೂ ಒಂದೇ ಅಂಟು ಹೊಂದಲ್ಲ. ಮೆತ್ತನೆಯದನ್ನ ಬಿಸಿ ಊರಿಗೆ ಹಾಕಿದರೆ ಚಕ್ರದ ಜಾಡಿನಲ್ಲಿ ರಸ್ತೆ ಕುಸಿದು ಕಾಲುವೆ ಆಗುತ್ತೆ. ಬಸ್ ಸ್ಟಾಪ್ ಮುಂದೆ, ಸಿಗ್ನಲ್ ಹತ್ತಿರ ಅಂಥ ಅಲೆ ಅಲೆಯಾದ ರಸ್ತೆ ನೀವೂ ನೋಡಿರ್ತೀರ.

ಈಗ ಯೋಚಿಸಿ. ಒಬ್ಬ ಟೆಸ್ಟ್ ಮಾಡುವವನು ನನ್ನ ಹಾಗೆ ಐದು ಗಂಟೆ ಬಸ್ಸಿಗೆ ಆತುರ ಪಟ್ಟು 90 ಅಂತ ಬರೆದರೆ, ಅದು ಯಾವುದೋ ಊರಿನ ರಸ್ತೆಯ ಫೈಲ್‌ನಲ್ಲಿ ಕೂತಿರುತ್ತೆ. ಆ ಪುಟ ನೋಡಿದವರಿಗೆ ತಪ್ಪು ಕಾಣಿಸಲ್ಲ.

ನಿಮ್ಮ ಹೈವೇ ಲ್ಯಾಬ್ ಬಂದಾಗ

1. ನೀರಿನ ಥರ್ಮಾಮೀಟರ್ ನಂಬಿ ಸುಮ್ಮನಾಗಬೇಡಿ. ಅದೇ ಅಳತೆಯ ಇನ್ನೊಂದು ಬಟ್ಟಲಿನ ಬಿಟುಮೆನ್ ಒಳಗೆ ಥರ್ಮಾಮೀಟರ್ ನೆಟ್ಟು ಅದನ್ನೂ ಜೊತೆಗೇ ನೀರಿನಲ್ಲಿಡಿ. ಅದು 25 ತೋರಿಸಿದಾಗ ಸೂಜಿ ಬಿಡಿ.

2. ಬಿಟುಮೆನ್‌ನ್ನು ಪದೇ ಪದೇ ಕಾಯಿಸಬೇಡಿ. ಪ್ರತಿ ಸಲ ಕಾಯಿಸಿದಾಗಲೂ ಅದು ಸ್ವಲ್ಪ ಗಟ್ಟಿಯಾಗುತ್ತದೆ. ಬೇಕಾದಷ್ಟನ್ನ ಚಿಕ್ಕ ಡಬ್ಬಗಳಿಗೆ ಒಂದೇ ಸಲ ಹಂಚಿಟ್ಟುಕೊಳ್ಳಿ.

3. ಸುರಿಯುವಾಗ ಸಾಫ್ಟನಿಂಗ್ ಪಾಯಿಂಟ್‌ಗಿಂತ 90 ಡಿಗ್ರಿಗೂ ಹೆಚ್ಚು ಬಿಸಿ ಬೇಡ.

4. ಬಿಸಿ ಬಿಟುಮೆನ್ ಕೈಗೆ ಬಿದ್ದರೆ ಕೀಳಬೇಡಿ, ಚರ್ಮವೂ ಬರುತ್ತೆ. ತಕ್ಷಣ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಗ್ಲೌಸ್, ತುಂಬು ತೋಳಿನ ಅಂಗಿ ಇಲ್ಲದೆ ಡ್ರಮ್ ಹತ್ತಿರ ಹೋಗಲೇಬೇಡಿ.

5. ಏನನ್ನಾದರೂ ಬೆರೆಸಿ ಪರೀಕ್ಷೆ ಮಾಡುವಾಗ, ಬೆರೆಸದ ಸ್ಯಾಂಪಲ್‌ಗೂ ಅದೇ ಬಿಸಿ, ಅಷ್ಟೇ ಹೊತ್ತು ಕೊಡಿ.

6. ಎಷ್ಟು ನಿಮಿಷ ಇಟ್ಟಿರೋ ಅಷ್ಟೇ ಬರೆಯಿರಿ.

ಕೊನೆಗೆ ಒಂದು ಲೆಕ್ಕ ನಿಮಗೆ. ವಿಜಿ-30ರ ಒಂದು ಸ್ಯಾಂಪಲ್‌ಗೆ ಪೆನೆಟ್ರೇಷನ್ 50, ಸಾಫ್ಟನಿಂಗ್ ಪಾಯಿಂಟ್ 52 ಬಂದಿದೆ. ಪರೀಕ್ಷೆ ಮಾಡುವಾಗ ಬಿಟುಮೆನ್ 25ರ ಬದಲು 28 ಡಿಗ್ರಿಯಲ್ಲಿ ಇದ್ದಿದ್ದರೆ ಸೂಜಿ ಎಷ್ಟು ಇಳೀತಿತ್ತು? ಇಳಿಜಾರು ಮೊದಲು ಹಾಕಿ. 68ರ ಹತ್ತಿರ ಬಂದರೆ ನಿಮ್ಮ ಉತ್ತರ ಸರಿ.

ನನ್ನ ಹಳೇ ನೋಟ್‌ಬುಕ್‌ನಲ್ಲಿ ಆ 90 ಹಾಗೇ ಇದೆ. ವೈಟ್ನರ್ ಹಾಕಬೇಡ ಅಂದರು ಅಕ್ಕ. ಒಂದು ಗೆರೆ ಎಳೆದು ಪಕ್ಕದಲ್ಲಿ 25 ಅಂತ ಬರೆದು ಸಹಿ ಮಾಡಿದ್ದೀನಿ.